ಬ್ಯಾಸಗಿ ಬಿಲ್, ಎಫ್‌ಪಿಪಿಸಿಎ, 5 ಕಿಲೋವಾಟ್ ಲೋಡ್: ಮನಿಯವರ ಕೈಯಾಗ ಏನದ?

ಆಳಂದ ನಾಕಾ, ಕಲಬುರಗಿ:

ನಮಸ್ಕಾರ್ರಿ ಎಲ್ಲಾರಿಗೂ. ಎಲ್‌ಟಿ-1 ಮನಿ ಮೀಟರ್, ಮಂಜೂರಾದ ಲೋಡ್ (ಒಮ್ಮೆಗೇ ಎಳೀಲಿಕ್ಕ ಒಪ್ಪಿಗಿ ಇದ್ದಷ್ಟು) 5 ಕಿಲೋವಾಟ್, ಗೃಹಜ್ಯೋತಿ ಅರ್ಹತೆ (ಸರ್ಕಾರ ಪುಕ್ಕಟ ಕೊಡೋದು) 110 ಯೂನಿಟ್. ಮಾರ್ಚ್‌ಗೆ 138, ಏಪ್ರಿಲ್‌ಗೆ 187, ಮೇಗೆ 214 ಯೂನಿಟ್ ಬಂದದ. ಮೇ ತಿಂಗಳದ್ದು ಪೂರ್ತಿ ಬಿಲ್ ಕಟ್ಟಬೇಕಾಯ್ತು. ಮನ್ಯಾಗ ಒಂದು ಕೂಲರ್, ನಾಕು ಫ್ಯಾನ್, ಫ್ರಿಜ್, ಅರ್ಧ ಎಚ್‌ಪಿ ಮೋಟರ್, ಗೀಸರ್ ಅದಾವ. ಎಸಿ ಇಲ್ಲ.

ಕರೆಂಟ್ ಖರೀದಿ ರೇಟ್ ಏರ್ಲಿಕತ್ತದ ಅಂತಾರ. ಇಂಗ್ಲೆಂಡ್ ಕಡಿ ವರ್ಷಕ್ಕ ಒಂದೇ ದರ ಅಂತ ಕಂಪನಿ ಜೊತಿ ಮಾತಾಡ್ಕೊಂಡು ಪ್ಲ್ಯಾನ್ ತಗೋತಾರಂತ. ನಮ್ಮ ಕಡಿ ಅಂಥದ್ದು ಏನರ ಅದನ? ಇಲ್ಲಂದ್ರ ಲೋಡ್ ಇಳಸೋದು ಚೊಲೋನೋ, ಸೋಲಾರ್ ಹಾಕ್ಸೋದು ಚೊಲೋನೋ? ಲೆಕ್ಕ ಹಾಕಿ ಹೇಳ್ರಿ.

ಜೇವರ್ಗಿ ರೋಡ್:

ಇಲ್ಲಿ ಮನೆಗೆ ಕಂಪನಿ ಆರಿಸಿಕೊಳ್ಳುವ ಅವಕಾಶ ಇಲ್ಲ. ಕಲಬುರಗಿ, ಬೀದರ್, ಯಾದಗಿರಿ ಮೂರಕ್ಕೂ ವಿದ್ಯುತ್ ಹಂಚುವ ಕಂಪನಿ ಜೆಸ್ಕಾಂ ಒಂದೇ, ದರ ನಿಗದಿ ಮಾಡುವುದು ಕೆಇಆರ್‌ಸಿ (ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ). ಬೇರೆ ಕಡೆಯಿಂದ ನೇರ ಖರೀದಿಸುವ ಹಸಿರು ಓಪನ್ ಅಕ್ಸೆಸ್‌ಗೂ ಕನಿಷ್ಠ 100 ಕಿಲೋವಾಟ್ ಬೇಕು, ಅದು ಕಾರ್ಖಾನೆಯವರ ಮಾತಾಯಿತು.

ಆದರೆ ನೀವು ಕೇಳುತ್ತಿರುವ ‘ಕಟ್ಟಿಹಾಕಿದ ದರ’ ಒಂದು ರೀತಿಯಲ್ಲಿ ಈಗಾಗಲೇ ನಿಮ್ಮ ಬಿಲ್‌ನಲ್ಲಿದೆ. 2025ರ ಮಾರ್ಚ್ ಆದೇಶದಲ್ಲಿ ಕೆಇಆರ್‌ಸಿ ಮೂರು ವರ್ಷಕ್ಕೆ ಒಟ್ಟಿಗೆ ದರ ನಿಗದಿ ಮಾಡಿದೆ. 2025-26ಕ್ಕೆ ಯೂನಿಟ್‌ಗೆ 5 ರೂಪಾಯಿ 80 ಪೈಸೆ, ನಿಗದಿತ ಶುಲ್ಕ ಕಿಲೋವಾಟ್‌ಗೆ 145 ರೂಪಾಯಿ, ವಿದ್ಯುತ್ ನೌಕರರ ಪಿಂಚಣಿ-ಗ್ರಾಚ್ಯುಟಿ ಸರ್ಚಾರ್ಜ್ ಯೂನಿಟ್‌ಗೆ 36 ಪೈಸೆ. ಇದರ ಜೊತೆ ಇಂಧನ ಶುಲ್ಕದ (ಯೂನಿಟ್ ದರದಿಂದ ಬರುವ ಮೊತ್ತ) ಮೇಲೆ 9% ತೆರಿಗೆ. ಹಳೆಯ ಸ್ಲ್ಯಾಬ್ ಪದ್ಧತಿ 2024ರ ಏಪ್ರಿಲ್‌ಗೇ ಹೋಯಿತು. ಮೊದಲ ಯೂನಿಟ್‌ಗೂ ಇನ್ನೂರನೆಯದಕ್ಕೂ ಈಗ ಒಂದೇ ದರ.

ಖರೀದಿ ಬೆಲೆಯ ಏರಿಳಿತ ನಿಮ್ಮ ಬಿಲ್‌ಗೆ ಬರುವುದು ಎಫ್‌ಪಿಪಿಸಿಎ (ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ) ಎಂಬ ಸಾಲಿನಿಂದಲೇ ಹೆಚ್ಚಾಗಿ. ಎಲ್ಲ ಎಸ್ಕಾಂಗಳ (ಜೆಸ್ಕಾಂನಂಥ ಹಂಚಿಕೆ ಕಂಪನಿಗಳ) ಪರವಾಗಿ ವಿದ್ಯುತ್ ಖರೀದಿ ನೋಡಿಕೊಳ್ಳುವುದು ಪಿಸಿಕೆಎಲ್ ಎಂಬ ಸರ್ಕಾರಿ ಕಂಪನಿ. ರಾಯಚೂರು, ಬಳ್ಳಾರಿ, ಯರಮರಸ್, ಕೂಡಗಿ ಸ್ಥಾವರಗಳ ಕಲ್ಲಿದ್ದಲು ಖರ್ಚು ಏರಿದರೂ ಇದು ಏರುತ್ತದೆ. ಬೇಸಿಗೆಯಲ್ಲಿ ಸೂರ್ಯ ಮುಳುಗಿದ ಮೇಲೆ ಎಕ್ಸ್‌ಚೇಂಜ್‌ನಲ್ಲಿ (ವಿದ್ಯುತ್ ಮಾರುಕಟ್ಟೆಯಲ್ಲಿ) ಕೊಳ್ಳಬೇಕಾಗಿ ಬಂದರೂ ಏರುತ್ತದೆ. ಅಲ್ಲಿ ಮಧ್ಯಾಹ್ನ ಸೋಲಾರ್ ಇರುವಾಗ ಬೆಲೆ ಕಡಿಮೆ, ಸಂಜೆ ಬೇಡಿಕೆ ಜಾಸ್ತಿಯಾದರೆ ಯೂನಿಟ್‌ಗೆ 10 ರೂಪಾಯಿ ಮಿತಿಯನ್ನೇ ಮುಟ್ಟುವುದುಂಟು. ಈ ಹೊಂದಾಣಿಕೆ ಬರುವುದು ಎರಡು ತಿಂಗಳು ತಡವಾಗಿ. ಏಪ್ರಿಲ್ ಖರ್ಚು ಜೂನ್ ಬಿಲ್‌ಗೆ ಬರುತ್ತದೆ. ಹಾಗಾಗಿ ಮಳೆ ಬಿದ್ದು ಕೂಲರ್ ನಿಲ್ಲಿಸಿದ ತಿಂಗಳಲ್ಲೂ ಆ ಸಾಲು ದೊಡ್ಡದಾಗಿ ಕಂಡರೆ ಮೀಟರ್ ಕೆಟ್ಟಿದೆ ಎಂದುಕೊಳ್ಳಬೇಡಿ. ಖರ್ಚು ಇಳಿದರೆ ಅದು ಮೈನಸ್ ಕೂಡ ಆಗುತ್ತದೆ. ಪೈಸೆ ಎಷ್ಟೆಂಬುದು ನಿಮ್ಮ ಕೈಯಲ್ಲಿಲ್ಲ, ಎಷ್ಟು ಯೂನಿಟ್ ಮೇಲೆ ಬೀಳುತ್ತದೆ ಎಂಬುದು ಮಾತ್ರ ನಿಮ್ಮ ಕೈಯಲ್ಲಿದೆ.

ನಿಮಗೆ ನಿಜವಾದ ಪೆಟ್ಟು ಬಿದ್ದದ್ದು ಬೇರೆ ಕಡೆ. 200 ಯೂನಿಟ್‌ವರೆಗೆ, ಅರ್ಹತೆ ಮೀರಿದ ಯೂನಿಟ್‌ಗೆ ಮಾತ್ರ ಹಣ: 200 − 110 = 90, ಅಂದರೆ ಇಂಧನ ಶುಲ್ಕ 522 ರೂಪಾಯಿ. 201 ಆದ ಕೂಡಲೇ ಮೊದಲ ಯೂನಿಟ್‌ನಿಂದಲೇ ಲೆಕ್ಕ, 1,165 ರೂಪಾಯಿ 80 ಪೈಸೆ. ಒಂದೇ ಯೂನಿಟ್‌ಗೆ ಸುಮಾರು 644 ರೂಪಾಯಿ ವ್ಯತ್ಯಾಸ. 2025-26ರ ದರದಲ್ಲಿ ನಿಮ್ಮ 214ಕ್ಕೆ ಇಂಧನ ಶುಲ್ಕ 1,241.20, ನಿಗದಿತ ಶುಲ್ಕ 725, ಸರ್ಚಾರ್ಜ್ 77, ತೆರಿಗೆ 112 ಸೇರಿ 2,155 ರೂಪಾಯಿ, ಎಫ್‌ಪಿಪಿಸಿಎ ಇನ್ನೂ ಹೊರಗೆ. ಆ 14 ಯೂನಿಟ್ ಉಳಿಸುವುದಕ್ಕಿಂತ ದೊಡ್ಡ ಉಳಿತಾಯ ನಿಮ್ಮ ಮನೆಯಲ್ಲಿ ಬೇರೆ ಇಲ್ಲ.

ಬೀದರ್ ಕೋಟೆ:

ಲೋಡ್ ಬಗ್ಗೆ ಹೇಳ್ತೀನಿ. ಲೋಡ್ ಇಳಿಸೋ ಮೊದಲು ಎಂಡಿ ನೋಡ್ರಿ. ಡಿಜಿಟಲ್ ಮೀಟರ್ ಪರದೆ ಮೇಲೆ ಅಂಕಿಗಳು ಒಂದಾದ ಮೇಲೆ ಒಂದು ಬದಲಾಗ್ತಾವ, ಅದರಾಗ ಎಂಡಿ ಅಂತ ಬರ್ತದ. ಬಿಲ್‌ನಾಗೂ ಇರ್ತದ. ಕೆಲವು ನಿಮಿಷದ ಸರಾಸರಿ ಬಳಕಿ ತಿಂಗಳದಾಗ ಅತಿ ಹೆಚ್ಚು ಎಷ್ಟಕ್ಕ ಹೋಗಿತ್ತು ಅನ್ನೋದು ಅದು. ಮಿಕ್ಸಿ ಒಂದು ಕ್ಷಣ ಎಳೆದದ್ದು ಅದರಾಗ ಕಾಣೋದಿಲ್ಲ.

ಎಲ್ಲಾರೂ ತಪ್ಪೋದು ಇಲ್ಲೇ. ಬ್ಯಾಸಗಿ ಎಂಡಿ ಒಂದೇ ನೋಡಿ ಲೋಡ್ ಇಳಿಸ್ತಾರ. ಕೂಲರ್ 180 ವ್ಯಾಟ್, ನಾಕು ಫ್ಯಾನ್ 300 ವ್ಯಾಟ್, ಮೋಟರ್ ಸುಮಾರು 500. ಎಲ್ಲಾ ಕೂಡಿದ್ರೂ ಒಂದೂವರೆ ಕಿಲೋವಾಟ್ ದಾಟೋದು ಕಷ್ಟ. ಆದರ ಡಿಸೆಂಬರ್-ಜನವರಿ ಮುಂಜಾನಿ 2 ಕಿಲೋವಾಟ್ ಗೀಸರ್ ಹಚ್ಚಿ, ಮೋಟರ್ ಬಿಟ್ಟು, ಇಸ್ತ್ರಿ ಮಾಡಿದ್ರ ಮೂರೂವರೆ ಆಗ್ತದ. ನಮ್ಮ ಬೀದರ್ ಚಳಿಗೆ ಗೀಸರ್ ಬಿಡಂಗಿಲ್ಲ. ಅದಕ್ಕ ಹನ್ನೆರಡೂ ತಿಂಗಳ ಬಿಲ್ ಮುಂದಿಟ್ಕೊಂಡು ಅತಿ ಹೆಚ್ಚಿನ ಎಂಡಿ ತಗೋರಿ, ಅದರ ಮ್ಯಾಲಿನ ಪೂರ್ಣ ಕಿಲೋವಾಟ್‌ಗೆ ನಿಲ್ಲಿಸ್ರಿ. ಮಂಜೂರಾದ ಲೋಡ್ ಪದೇ ಪದೇ ಮೀರಿದ್ರ ನೋಟಿಸ್ ಬರ್ತದ, ಮತ್ತ ಏರಿಸಬೇಕಾಗ್ತದ, ಓಡಾಟ ಎರಡು ಸಲ.

2025-26ರ ದರದಾಗ 5ರಿಂದ 3ಕ್ಕ ಇಳಿಸಿದ್ರ ನಿಗದಿತ ಶುಲ್ಕ 725ರಿಂದ 435 ಆಗ್ತದ, ತಿಂಗಳಿಗೆ 290 ಉಳಿತು. ಆದರ ಬಳಕಿ ಗೃಹಜ್ಯೋತಿ ಅರ್ಹತೆ ಒಳಗಿದ್ದು ಶೂನ್ಯ ಬಿಲ್ ಬರೋ ತಿಂಗಳ ಇದರಿಂದ ನಿಮ್ಮ ಕಿಸೆಗೆ ಏನೂ ಬರೋದಿಲ್ಲ. ತಿಂಗಳಾ ಪೂರ್ತಿ ಬಿಲ್ ಕಟ್ಟೋ ಮನಿಗೆ ಇದು ವರ್ಷಕ್ಕ 3,480 ರೂಪಾಯಿ ಮಾತು, ಅವರು ತಡ ಮಾಡಬಾರದು. ಬಾಕಿ ಇಲ್ಲದಂಗ ನೋಡ್ಕೊಂಡು ಉಪವಿಭಾಗದ ಕಚೇರಿಗೆ ಇತ್ತೀಚಿನ ಬಿಲ್ ಜೊತಿ ಅರ್ಜಿ ಕೊಡ್ರಿ, ಸ್ವೀಕೃತಿ ತಗೋರಿ. ಮುಂದಿನ ಬಿಲ್‌ನಾಗ ಲೋಡ್ ಬದಲಾಗ್ಯದೋ ಇಲ್ಲೋ ನೋಡೋದು ಮರೀಬ್ಯಾಡ್ರಿ.

ಆಳಂದ ನಾಕಾ, ಕಲಬುರಗಿ:

ಹಳೇ ಬಿಲ್ ತಗದು ನೋಡಿದೆ. ಮೇ ಎಂಡಿ 1.6, ಜನವರಿದು 2.7. ಅಂದ್ರ 3 ಕಿಲೋವಾಟ್ ಸಾಕು. 14 ಯೂನಿಟ್ ಎಲ್ಲಿಂದ ಉಳಸೋದು? ಕಲಬುರಗಿ ಮೇ ಬಿಸಲಾಗ ಕೂಲರ್ ಅಂತೂ ಬಂದ್ ಮಾಡಂಗಿಲ್ರಿ, ಮನ್ಯಾಗ ವಯಸ್ಸಾದವರು ಇದ್ದಾರ.

ಸುರಪುರ, ಯಾದಗಿರಿ ಜಿಲ್ಲೆ:

ಕೂಲರ್ ಮುಟ್ಟಬೇಡಿ. ವಯಸ್ಸಾದವರಿರುವ ಮನೆಯಲ್ಲಿ ಅದು ಉಳಿತಾಯ ಮಾಡುವ ಜಾಗವೇ ಅಲ್ಲ. ಫ್ಯಾನ್ ಕಡೆ ನೋಡಿ. ಹಳೆ ಫ್ಯಾನ್ 75 ವ್ಯಾಟ್, ದಿನಕ್ಕೆ 16 ತಾಸು ತಿರುಗಿದರೆ ತಿಂಗಳಿಗೆ 36 ಯೂನಿಟ್. ಕಡಿಮೆ ಕರೆಂಟ್ ಎಳೆಯುವ 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ ಆದರೆ 14.4. ಹೆಚ್ಚು ತಿರುಗುವ ಎರಡನ್ನು ಬದಲಿಸಿದರೆ 43 ಯೂನಿಟ್ ಇಳಿದು ನಿಮ್ಮ 214, 171 ಆಗುತ್ತದೆ. ಆಗ ಹಣ ಕಟ್ಟಬೇಕಾದದ್ದು 61 ಯೂನಿಟ್‌ಗೆ ಮಾತ್ರ, ಇಂಧನ ಶುಲ್ಕ 354 ರೂಪಾಯಿ. ನಾಲ್ಕನ್ನೂ ಒಟ್ಟಿಗೆ ಬದಲಿಸುವ ಅಗತ್ಯವಿಲ್ಲ. ದೇವರ ಕೋಣೆಯ ಫ್ಯಾನ್ ದಿನಕ್ಕೆ ಒಂದು ತಾಸು ತಿರುಗಿದರೆ ಅದರ ದುಡ್ಡು ಹುಟ್ಟುವುದಿಲ್ಲ.

ಕೂಲರ್ 180 ವ್ಯಾಟ್‌ನದೇ ಹೌದೋ ಅಲ್ಲವೋ ನೀವೇ ಅಳೆಯಬಹುದು. ಮೀಟರ್ ಮೇಲೆ ಕೆಂಪು ದೀಪ ಮಿನುಗುತ್ತದಲ್ಲ, ಅದರ ಪಕ್ಕ ಒಂದು ಯೂನಿಟ್‌ಗೆ ಎಷ್ಟು ಮಿನುಗು ಎಂದು ಬರೆದಿರುತ್ತದೆ. 3200 ಇದೆ ಎಂದುಕೊಳ್ಳಿ. ಮನೆಯಲ್ಲಿ ಉಳಿದದ್ದೆಲ್ಲ ಬಂದ್ ಮಾಡಿ, ಫ್ರಿಜ್ ಪ್ಲಗ್ ಕೂಡ ತೆಗೆದು, ಕೂಲರ್ ಒಂದನ್ನೇ ಹಚ್ಚಿ ಒಂದು ನಿಮಿಷ ಎಣಿಸಿ. 180 ವ್ಯಾಟ್‌ಗೆ ಒಂಬತ್ತು-ಹತ್ತು ಮಿನುಗು ಬರಬೇಕು. ಹದಿನೈದು ಬಂದರೆ ಅದು ಸುಮಾರು 280 ವ್ಯಾಟ್ ಎಳೆಯುತ್ತಿದೆ. ಮೊದಲು ಬೇರಿಂಗ್ ನೋಡಿಸಿ, ಆಮೇಲೆ ಪಂಪ್. ಇಲ್ಲಿಯ ಗಡಸು ಬೋರ್ ನೀರಿಗೆ ಪಂಪ್ ಜಾಲರಿಯಲ್ಲಿ ಬಿಳಿ ಉಪ್ಪು ಕಟ್ಟಿ ಹುಲ್ಲು ಒಣಗಿಯೇ ಇರುತ್ತದೆ, ಫ್ಯಾನ್ ಸುಮ್ಮನೆ ಬಿಸಿ ಗಾಳಿ ತಿರುಗಿಸುತ್ತದೆ. ತೊಟ್ಟಿಯ ನೀರು ವಾರಕ್ಕೊಮ್ಮೆ ಪೂರ್ತಿ ಚೆಲ್ಲಿ ಹೊಸದು ತುಂಬಿ.

ಕೊನೆಗೆ ಮೇನ್ ಸ್ವಿಚ್ (ಎಂಸಿಬಿ) ಅನ್ನೇ ಬಂದ್ ಮಾಡಿ ನೋಡಿ. ಆಗಲೂ ದೀಪ ಮಿನುಗಿದರೆ ಮೀಟರ್ ಮತ್ತು ಮೇನ್ ನಡುವೆ ಸೋರಿಕೆ ಇದೆ ಅಥವಾ ಅಲ್ಲಿಂದ ಇನ್ನೊಂದು ಲೈನ್ ಹೋಗಿದೆ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನನ್ನೇ ಕರೆಯಿರಿ, ನೀವು ವೈರ್ ಮುಟ್ಟಬೇಡಿ.

ಸೇಡಂ:

ಸೋಲಾರ್ ಬಗ್ಗೆ: ನಿಮ್ಮ ಮನೆಗೆ ಈಗ ಬೇಡ. ಮನೆ ಮೇಲಿನ ಸೋಲಾರ್‌ಗೆ ಕೇಂದ್ರ ಕೊಡುವ ಪಿಎಂ ಸೂರ್ಯ ಘರ್ ಸಬ್ಸಿಡಿ 2 ಕಿಲೋವಾಟ್‌ಗೆ 60,000, 3 ಅಥವಾ ಹೆಚ್ಚಿಗೆ 78,000 ರೂಪಾಯಿ, ನಿಜ. ಆದರೆ ವರ್ಷದಲ್ಲಿ ನೀವು ಹಣ ಕಟ್ಟುವುದೇ ಮೂರ್ನಾಲ್ಕು ತಿಂಗಳು. ತಿಂಗಳಿಗೆ 350 ಯೂನಿಟ್ ಸುಡುವ ಎಸಿ ಮನೆಯ ಲೆಕ್ಕ ಬೇರೆ. ಅವರಿಗೆ ನಿಗದಿತ ಶುಲ್ಕ ಬಿಟ್ಟು ಸುಮಾರು 2,300 ರೂಪಾಯಿ ಬಿಲ್, ವರ್ಷಕ್ಕೆ 28,000ದ ಆಸುಪಾಸು. 3 ಕಿಲೋವಾಟ್ ಪ್ಯಾನಲ್ ನಮ್ಮ ಬಿಸಿಲಿಗೆ ದಿನಕ್ಕೆ 11-12 ಯೂನಿಟ್ ಕೊಟ್ಟು ಅದನ್ನು ಹೆಚ್ಚುಕಡಿಮೆ ತುಂಬುತ್ತದೆ. ಕೊಟೇಶನ್‌ನಲ್ಲಿ ಸಬ್ಸಿಡಿ ಕಳೆದು ಉಳಿದ ಮೊತ್ತವನ್ನು 28,000ದಿಂದ ಭಾಗಿಸಿದರೆ ಎಷ್ಟು ವರ್ಷಕ್ಕೆ ದುಡ್ಡು ವಾಪಸ್ ಎಂದು ತಿಳಿಯುತ್ತದೆ. ಎಫ್‌ಪಿಪಿಸಿಎ ಏರಿದಷ್ಟೂ ಆ ವರ್ಷ ಕಡಿಮೆಯಾಗುತ್ತದೆ.

ಹಾಕಿಸುವವರು ಎರಡು ವಿಷಯ ಮೊದಲೇ ತಿಳಿದುಕೊಳ್ಳಿ. ಬ್ಯಾಟರಿ ಇಲ್ಲದ ಗ್ರಿಡ್ ಸೋಲಾರ್, ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಲೈನ್ ಮೇಲೆ ಕೆಲಸ ಮಾಡುವವನ ಜೀವ ಉಳಿಯಲೆಂದೇ ಹಾಗೆ ಮಾಡಿರುವುದು. ಇನ್ನೊಂದು ಧೂಳು. ಸೇಡಂ, ಮಳಖೇಡ, ವಾಡಿ ಕಡೆ ಸಿಮೆಂಟ್ ಧೂಳಿನ ಮೇಲೆ ಇಬ್ಬನಿ ಬಿದ್ದು ಗಾಜಿಗೆ ಗಟ್ಟಿಯಾಗಿ ಹಿಡಿಯುತ್ತದೆ. ಒಣ ಬಟ್ಟೆಯಲ್ಲಿ ಉಜ್ಜಿದರೆ ಗೀರು ಬೀಳುತ್ತದೆ. ಬೆಳಗ್ಗೆ ಪ್ಯಾನಲ್ ತಣ್ಣಗಿರುವಾಗಲೇ ಧಾರಾಳ ನೀರು ಹಾಕಿ ನೆನೆಸಿ, ಮೆತ್ತಗಿನ ವೈಪರ್‌ನಿಂದ ತೆಗೆಯಿರಿ. ಆರ್‌ಒ ಯಂತ್ರದಿಂದ ಹೊರಬರುವ ನೀರು ವ್ಯರ್ಥವಾಗದಿರಲಿ ಎಂದು ಅದನ್ನೇ ಪ್ಯಾನಲ್‌ಗೆ ಹಾಕುವವರಿದ್ದಾರೆ. ಅದರಲ್ಲಿ ಉಪ್ಪು ಬೋರ್ ನೀರಿಗಿಂತ ಜಾಸ್ತಿ, ಒಣಗಿದ ಮೇಲೆ ಗಾಜು ಬೆಳ್ಳಗಾಗುತ್ತದೆ.

ಆಳಂದ ನಾಕಾ, ಕಲಬುರಗಿ:

ಎಲ್ಲಾರಿಗೂ ಶರಣ್ರಿ. ಎರಡು ಫ್ಯಾನ್ ಬದಲಿ, ಲೋಡ್ 3ಕ್ಕ ಅರ್ಜಿ, ಸೋಲಾರ್ ಸದ್ಯ ಬ್ಯಾಡ. 200 ದಾಟ್ತದೋ ಇಲ್ಲೋ ಅಂತ ತಿಂಗಳ ನಡುವ ತಿಳಕೊಳ್ಳೋದು ಹ್ಯಾಂಗ?

ಸುರಪುರ, ಯಾದಗಿರಿ ಜಿಲ್ಲೆ:

ಬಿಲ್‌ನಲ್ಲಿ ಹಿಂದಿನ ರೀಡಿಂಗ್ ಮತ್ತು ಅದರ ತಾರೀಖು ಇರುತ್ತದೆ. ಲೆಕ್ಕ ಅಲ್ಲಿಂದ ಶುರು, ತಿಂಗಳ ಒಂದನೇ ತಾರೀಖಿನಿಂದ ಅಲ್ಲ. 200 ಯೂನಿಟ್ ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ 6.6. ಹತ್ತನೇ ದಿನ 66, ಇಪ್ಪತ್ತನೇ ದಿನ 132ರ ಒಳಗಿರಬೇಕು. ಪರದೆಯಲ್ಲಿ ಕೆಡಬ್ಲ್ಯೂಎಚ್ (kWh, ಅಂದರೆ ಯೂನಿಟ್) ಎಂದು ಬರುವಾಗಿನ ಅಂಕಿಯನ್ನೇ ಬರೆದುಕೊಳ್ಳಿ, ಕೆವಿಎಎಚ್ ಅಂಕಿ ಹಿಡಿದರೆ ಲೆಕ್ಕ ತಪ್ಪುತ್ತದೆ. ಇಪ್ಪತ್ತನೇ ದಿನಕ್ಕೆ 140 ದಾಟಿದ್ದರೆ ಉಳಿದ ಹತ್ತು ದಿನ ಇಸ್ತ್ರಿ ಹೊರಗೆ ಕೊಡಿ, ಗೀಸರ್ ಹಚ್ಚಬೇಡಿ. ಮೇ ತಿಂಗಳಲ್ಲಿ ಮೇಲಿನ ಟ್ಯಾಂಕಿನ ನೀರೇ ಸ್ನಾನಕ್ಕೆ ಸಾಕಷ್ಟು ಬಿಸಿ ಇರುತ್ತದೆ.