ಸಮುದ್ರವನ್ನು ಬಿಟ್ಟಿರಲಾರದ ಅಪ್ಪನಿಗೆ ಏನು ಹೇಳಲಿ?

ಪ್ರಶ್ನೆ: ಹುಬ್ಬಳ್ಳಿಯಿಂದ ಒಬ್ಬ ಮಗಳು

ನನ್ನ ತಂದೆಯವರಿಗೆ ಈಗ 69 ವರ್ಷ. ಹೊನ್ನಾವರದ ಹತ್ತಿರ, ಶರಾವತಿ ಕಡಲು ಸೇರುವ ಅಳಿವೆಯ ದಂಡೆಯಲ್ಲಿ ಬೆಳೆದ ಅವರು ಮುಂಬೈಯಲ್ಲಿ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಹಾಯಿದೋಣಿ ನಡೆಸುವುದನ್ನು ಕಲಿಸಿದರು. ನಿವೃತ್ತಿಯ ನಂತರ ನಮ್ಮೊಂದಿಗೇ ಇದ್ದಾರೆ. ಕಳೆದ ವರ್ಷ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿದ ಮೇಲೆ ನಾವೆಲ್ಲ ಅವರನ್ನು ಬಹಳ ಜೋಪಾನವಾಗಿ ನೋಡಿಕೊಂಡು ಬಂದಿದ್ದೇವೆ. ಈಗ ಗೋವಾದಲ್ಲಿ ಮಕ್ಕಳಿಗೆ ತರಬೇತಿ ಕೊಡುತ್ತಿರುವ ಅವರ ಹಳೆಯ ಶಿಷ್ಯರೊಬ್ಬರು, ಮಳೆಗಾಲ ಮುಗಿದ ಮೇಲೆ ವಾರಾಂತ್ಯಗಳಲ್ಲಿ ಬಂದು ಕಲಿಸಿಕೊಡಿ ಎಂದು ಕರೆದಿದ್ದಾರೆ. ಆ ಫೋನು ಬಂದ ದಿನದಿಂದ ಅಪ್ಪನ ಮುಖವೇ ಬದಲಾಗಿದೆ. ಬೆಳಿಗ್ಗೆ ತಾರಸಿಯಲ್ಲಿ ಒಣಹಾಕಿದ ಬಟ್ಟೆ ಯಾವ ಕಡೆಗೆ ಹಾರುತ್ತಿದೆ ಎಂದು ನೋಡಿ, ಗಾಳಿ ಪಡುವಣದಿಂದ ಬೀಸತೊಡಗಿತು ಎಂದು ಅಮ್ಮನಿಗೆ ಹೇಳುತ್ತಾರೆ. ಸಮುದ್ರ ಇಲ್ಲಿಂದ ನೂರಕ್ಕೂ ಹೆಚ್ಚು ಕಿಲೋಮೀಟರು ದೂರ!

ಅಮ್ಮ ಬೇಡವೆನ್ನುತ್ತಾರೆ. ನನಗೆ ಏನು ಹೇಳಬೇಕೆಂದು ತೋಚುತ್ತಿಲ್ಲ. ಸಾಗರಗಳನ್ನು ದಾಟಿದವರಿಗೆ ಸಮುದ್ರದ ಸೆಳೆತ ಇರುವುದು ನನಗೆ ಅರ್ಥವಾಗುತ್ತದೆ. ಆದರೆ ಅಪ್ಪ ಬದುಕಿನ ಹೆಚ್ಚಿನ ಭಾಗವನ್ನು ದಂಡೆಗೆ ಕಾಣುವಷ್ಟು ದೂರದಲ್ಲೇ, ಬೇರೆಯವರ ಮಕ್ಕಳ ದೋಣಿಗಳ ಹಿಂದೆ ಸುತ್ತುತ್ತ ಕಳೆದವರು. ಅವರನ್ನು ಈ ವಯಸ್ಸಿನಲ್ಲೂ ಹೀಗೆ ಎಳೆಯುವುದು ಏನು? ಈ ಕೆಲಸ ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಕಾರವಾರದಿಂದ, ಹಿಂದೆ ತರಬೇತುದಾರನಾಗಿದ್ದವನು

ತಂಗೀ, ನಿಮ್ಮ ತಂದೆಯವರನ್ನು ನಾನು ಕಂಡಿಲ್ಲ. ಆದರೂ ಹದಿನೆಂಟು ವರ್ಷ ಅದೇ ಕೆಲಸ ಮಾಡಿದವನಾದ್ದರಿಂದ ಅವರ ಬೆಳಗುಗಳು ಹೇಗಿದ್ದವು ಎಂಬುದನ್ನು ಹೇಳಬಲ್ಲೆ.

ಮಕ್ಕಳು ಮೊದಲು ಹತ್ತುವುದು ಸಾಮಾನ್ಯವಾಗಿ ಆಪ್ಟಿಮಿಸ್ಟ್ ಎಂಬ ದೋಣಿಯನ್ನು. ಅದರ ಉದ್ದ 2.3 ಮೀಟರು, ಹಾಯಿ ಒಂದೇ, ಕೂರುವವರೂ ಒಬ್ಬರೇ. ಒಂಬತ್ತು ವರ್ಷದ ಮಗುವನ್ನು ಅದರಲ್ಲಿ ಕೂರಿಸಿ, ಅಗೋ ಆ ಕೆಂಪು ತೇಲುಗುಂಡಿನ ಹತ್ತಿರ ಹೋಗು ಎಂದರೆ ಅದು ದೋಣಿಯ ಮೂತಿಯನ್ನು ನೇರ ಅತ್ತಲೇ ತಿರುಗಿಸುತ್ತದೆ. ತೇಲುಗುಂಡು ಗಾಳಿ ಬರುವ ದಿಕ್ಕಿನಲ್ಲಿದ್ದರೆ ಹಾಯಿ ಪಟಪಟ ಬಡಿದುಕೊಳ್ಳುತ್ತದೆ, ದೋಣಿ ನಿಂತುಬಿಡುತ್ತದೆ, ನಿಧಾನವಾಗಿ ಹಿಂದಕ್ಕೂ ಸರಿಯುತ್ತದೆ. ಯಾವ ಹಾಯಿದೋಣಿಯೂ ಗಾಳಿಗೆ ಎದುರಾಗಿ ನೇರ ಹೋಗಲಾರದು. ಸುಮಾರು 45 ಡಿಗ್ರಿ ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳುತ್ತ ಗಾಳಿಯ ಕಡೆಗೆ ಸಾಗಬೇಕು. ಇದನ್ನು ಕಪ್ಪುಹಲಗೆಯ ಮೇಲೆ ನೂರು ಸಲ ಬರೆದು ತೋರಿಸಿದರೂ ಮಗುವಿಗೆ ತಲುಪುವುದಿಲ್ಲ. ಕಲಿಸುವವನು ಪಕ್ಕದ ಮೋಟಾರು ದೋಣಿಯಲ್ಲಿ ಕೂತು, ಕೂಗದೆ, ಕೈ ಹಾಕದೆ ಕಾಯಬೇಕು. ಈ ಕಾಯುವಿಕೆ ಬಹಳ ಕಷ್ಟದ್ದು. ಒಂದು ಗಳಿಗೆಯಲ್ಲಿ ಮಗು ಚುಕ್ಕಾಣಿಯನ್ನು ತುಸು ಸಡಿಲಿಸುತ್ತದೆ, ಮೂತಿ ಪಕ್ಕಕ್ಕೆ ವಾಲುತ್ತದೆ, ಹಾಯಿ ತುಂಬಿ ಸದ್ದು ನಿಲ್ಲುತ್ತದೆ, ಕೂತಲ್ಲೇ ದೋಣಿ ಮುಂದಕ್ಕೆ ಎಳೆದುಕೊಂಡದ್ದು ಮಗುವಿನ ಮೈಗೆ ತಿಳಿಯುತ್ತದೆ. ಆಗ ಅದು ತಿರುಗಿ ನಿಮ್ಮನ್ನು ನೋಡುವ ಒಂದು ನೋಟವಿದೆ. ನಾನು ಕೆಲಸ ಬಿಟ್ಟು ಆರು ವರ್ಷವಾದರೂ ಕನಸಿನಲ್ಲಿ ಬರುವುದು ಆ ನೋಟವೇ.

ದಂಡೆಯ ಹತ್ತಿರ ಸುತ್ತುವುದು ಸಣ್ಣ ಕೆಲಸವೆಂದು ನೀವು ಭಾವಿಸಿಲ್ಲ, ಬಲ್ಲೆ. ಆದರೂ ಹೇಳುತ್ತೇನೆ: ಎಂಟು ಮಕ್ಕಳು ಎಂಟು ದಿಕ್ಕಿಗೆ ಚದುರಿದಾಗ, ನೀರಿನ ಮೇಲೆ ಕಪ್ಪಾಗಿ ಓಡಿ ಬರುವ ಬಿರುಗಾಳಿಯ ಪಟ್ಟಿ ಅವರನ್ನು ಮುಟ್ಟುವ ಮೊದಲೇ ಕಲಿಸುವವನ ಕಣ್ಣಿಗೆ ಬೀಳಬೇಕು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಬೇಸಿಗೆಯ ಬೆಳಿಗ್ಗೆ ನೆಲದಿಂದ ಬರುವ ಮೂಡುಗಾಳಿ ತೆಳ್ಳಗಿರುತ್ತದೆ. ಬಿಸಿಲೇರಿ ನೆಲ ಕಾದಂತೆ ಅದರ ಮೇಲಿನ ಗಾಳಿ ಮೇಲೇರಿ, ಮಧ್ಯಾಹ್ನದ ಹೊತ್ತಿಗೆ ತಂಪಾದ ಪಡುಗಾಳಿ ಕಡಲಿನಿಂದ ಒಳನುಗ್ಗುತ್ತದೆ. ಹೊಸಬರನ್ನು ಯಾವಾಗ ಇಳಿಸಬೇಕು, ಯಾವಾಗ ದಡಕ್ಕೆ ಕರೆಯಬೇಕು ಎಂಬ ತೀರ್ಮಾನವೆಲ್ಲ ಆ ಬದಲಾವಣೆಯನ್ನು ಮೊದಲೇ ಗ್ರಹಿಸುವುದರ ಮೇಲೆ ನಿಂತಿದೆ. ನಿಮ್ಮ ತಂದೆಯವರು ತಾರಸಿಯ ಬಟ್ಟೆಯನ್ನು ನೋಡುವುದು ಹಳೆಯ ನೆನಪಿಗಾಗಿ ಅಲ್ಲ. ಅವರು ಇನ್ನೂ ಆ ಎಂಟು ಮಕ್ಕಳನ್ನು ಎಣಿಸುತ್ತಿದ್ದಾರೆ.

ಉತ್ತರ 2: ಬೆಂಗಳೂರಿನಿಂದ, ನೌಕಾಪಡೆಯಲ್ಲಿ ಸೇವೆ ಮಾಡಿದವನು

ದೂರ ಹೋದವರ ಸೆಳೆತ ಬೇರೆ, ಕಲಿಸಿದವರ ಸೆಳೆತ ಬೇರೆ ಎಂದು ನೀವು ಮಾಡಿರುವ ವಿಂಗಡಣೆಯನ್ನು ನಾನು ಒಪ್ಪಲಾರೆ. ನಮ್ಮ ದೇಶದ ಸಾಗರಯಾನದಲ್ಲಿ ಇವೆರಡೂ ಒಂದೇ ಹಗ್ಗದ ಎರಡು ಎಳೆಗಳು.

ಭಾರತೀಯನೊಬ್ಬ ಒಂಟಿಯಾಗಿ ಹಾಯಿದೋಣಿಯಲ್ಲಿ ಭೂಮಿಯನ್ನು ಸುತ್ತಬೇಕು ಎಂಬ ಕನಸನ್ನು ಹೊತ್ತವರು 1926ರಲ್ಲಿ ಹುಟ್ಟಿದ ವೈಸ್ ಅಡ್ಮಿರಲ್ ಮನೋಹರ ಅವಟಿಯವರು. ನಿವೃತ್ತರಾದ ಮೇಲೆ ಅವರು ನೆಲೆಸಿದ್ದು ಸಾತಾರಾ ಜಿಲ್ಲೆಯ ಫಲಟಣದ ಬಳಿಯ ವಿಂಚುರ್ಣಿ ಎಂಬ ಹಳ್ಳಿಯಲ್ಲಿ. ಅಲ್ಲಿಂದಲೂ ಸಮುದ್ರ ಕಾಣುವುದಿಲ್ಲ! ಆ ಕನಸಿಗೆ 2006ರಲ್ಲಿ ಓಗೊಟ್ಟ ಕಮಾಂಡರ್ ದಿಲೀಪ್ ದೋಂದೆ ಅವರು ಸಾಗರಯಾನದ ಪಾಠಕ್ಕೆ ಇಂಗ್ಲೆಂಡಿನ ಸರ್ ರಾಬಿನ್ ನಾಕ್ಸ್-ಜಾನ್ಸ್ಟನ್ ಅವರ ಬಳಿಗೂ ಹೋದರು. ಎಲ್ಲೂ ನಿಲ್ಲದೆ ಒಂಟಿಯಾಗಿ ಭೂಮಿಯನ್ನು ಸುತ್ತಿದವರಲ್ಲಿ ನಾಕ್ಸ್-ಜಾನ್ಸ್ಟನ್ ಅವರೇ ಮೊದಲಿಗರು. 1968-69ರಲ್ಲಿ ಅವರನ್ನು ಹೊತ್ತೊಯ್ದ ‘ಸುಹೈಲಿ’ ಮುಂಬೈಯಲ್ಲಿ ತೇಗದ ಮರದಿಂದ ಕಟ್ಟಿದ ದೋಣಿ. ನಮ್ಮ ಬಡಗಿಗಳ ಕೈಗೆಲಸ ಅಲ್ಲಿಗೆ ಹೋಗಿ, ಪಾಠವಾಗಿ ಇಲ್ಲಿಗೆ ಮರಳಿದ್ದನ್ನು ನೆನೆದರೆ ನನಗೆ ಈಗಲೂ ಮೈ ನವಿರೇಳುತ್ತದೆ.

ಗೋವಾದ ದಿವಾಡಿ ದ್ವೀಪದಲ್ಲಿ ರತ್ನಾಕರ ದಾಂಡೇಕರ್ ಅವರು ಕಟ್ಟಿದ ‘ಮಾದೇಯಿ’ಯಲ್ಲಿ ದೋಂದೆಯವರು 2009ರ ಆಗಸ್ಟ್ 19ರಂದು ಮುಂಬೈಯಿಂದ ಹೊರಟು, ನಾಲ್ಕು ಕಡೆ ತಂಗಿ, 2010ರ ಮೇ 19ರಂದು ಮರಳಿದರು. ಆ ಯಾನಕ್ಕೆ ದಡದಲ್ಲಿ ನಿಂತು ನೆರವಾದ ಅಭಿಲಾಷ್ ಟಾಮಿಯವರೇ 2012ರ ನವೆಂಬರ್ 1ರಂದು ಅದೇ ದೋಣಿಯಲ್ಲಿ ಹೊರಟು, ಎಲ್ಲೂ ನಿಲ್ಲದೆ, 2013ರ ಮಾರ್ಚ್ 31ರಂದು ಸುತ್ತನ್ನು ಪೂರೈಸಿದರು.

ನಿಮ್ಮ ಪ್ರಶ್ನೆಗೆ ಹತ್ತಿರವಾದ ಸಂಗತಿ ಇದರ ನಂತರದ್ದು. ದೋಂದೆಯವರು ತಮ್ಮ ಸಾಧನೆಯ ನೆನಪಿನಲ್ಲೇ ಉಳಿಯಲಿಲ್ಲ. ವರ್ತಿಕಾ ಜೋಶಿಯವರ ನಾಯಕತ್ವದ ಆರು ಮಹಿಳಾ ಅಧಿಕಾರಿಗಳ ತಂಡಕ್ಕೆ ಗುರುವಾಗಿ ನಿಂತರು. ಅವರೆಲ್ಲ ಪಳಗಿದ್ದು ಅದೇ ಹಳೆಯ ಮಾದೇಯಿಯ ಮೇಲೆ. ‘ತಾರಿಣಿ’ಯಲ್ಲಿ 2017ರ ಸೆಪ್ಟೆಂಬರ್ 10ರಂದು ಗೋವಾದಿಂದ ಹೊರಟ ಆರೂ ಮಂದಿ 254 ದಿನಗಳ ನಂತರ, 2018ರ ಮೇ 21ರಂದು ಮರಳಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಒಂಟಿಯಾಗಿ ಭೂಮಿಯನ್ನು ಸುತ್ತುವ ಗೋಲ್ಡನ್ ಗ್ಲೋಬ್ ಎಂಬ ಸ್ಪರ್ಧೆಯಲ್ಲಿದ್ದ ಟಾಮಿಯವರ ದೋಣಿಯ ಹಾಯಿಕಂಬ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಮುರಿದು, ಅವರ ಬೆನ್ನುಮೂಳೆಗೆ ಭಾರಿ ಪೆಟ್ಟಾಯಿತು. ಅವರು ನಡೆದಾಡುವುದನ್ನೇ ಹೊಸದಾಗಿ ಕಲಿತು, ಅದೇ ಸ್ಪರ್ಧೆಗೆ ಮತ್ತೆ ಇಳಿದು 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ಗುರಿ ಮುಟ್ಟಿದರು. ಮುಂದೆ ದಿಲ್ನಾ ಮತ್ತು ರೂಪಾ ಎಂಬ ಇಬ್ಬರು ಅಧಿಕಾರಿಗಳಿಗೆ ಮಾರ್ಗದರ್ಶಕರಾದರು. ಅವರಿಬ್ಬರೂ 2024ರ ಅಕ್ಟೋಬರ್ 2ರಂದು ತಾರಿಣಿಯಲ್ಲಿ ಹೊರಟು 2025ರ ಮೇ 29ರಂದು ಗೋವಾಕ್ಕೆ ಮರಳಿದರು.

ಅವಟಿಯವರು 2018ರ ನವೆಂಬರ್‌ನಲ್ಲಿ ತೀರಿಕೊಂಡರು. ತಾವು ಸ್ವತಃ ಹೋಗಲಾಗದ ಯಾನಕ್ಕೆ ಬೇರೆಯವರನ್ನು ಅಣಿಗೊಳಿಸಿದ ಆ ಹಿರಿಯರ ಸಮುದ್ರಪ್ರೀತಿ ಸುತ್ತಿಬಂದವರ ಪ್ರೀತಿಗಿಂತ ಕಡಿಮೆಯಾಗಿತ್ತೆಂದು ನಾನು ಎಂದೂ ಭಾವಿಸಲಾರೆ.

ಉತ್ತರ 3: ಮಂಗಳೂರಿನಿಂದ, ವೈದ್ಯೆ

ಮೇಲಿನ ಇಬ್ಬರ ಮಾತುಗಳನ್ನು ಗೌರವಿಸುತ್ತಲೇ ಒಂದು ಎಚ್ಚರಿಕೆಯ ಮಾತು. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುತ್ತಿರುತ್ತಾರೆ. ಹಾಯಿಯ ಬುಡದಲ್ಲಿರುವ ಬೂಮ್ ಎಂಬ ಅಡ್ಡಮರ ದೋಣಿ ಹೊರಳುವಾಗ ತಲೆಗೆ ಬಡಿದರೆ, ಆ ಮಾತ್ರೆಗಳಿಂದಾಗಿ ತಲೆಯೊಳಗಿನ ರಕ್ತಸ್ರಾವ ಅಪಾಯಕಾರಿಯಾಗಬಹುದು. ಆದ್ದರಿಂದ ಅವರು ಹಾಯಿದೋಣಿಯಲ್ಲಿ ಕೂರುವ ಬದಲು ಪಕ್ಕದ ಮೋಟಾರು ದೋಣಿಯಲ್ಲಿ, ಲೈಫ್ ಜಾಕೆಟ್ ತೊಟ್ಟು, ಜೊತೆಗೆ ಇನ್ನೊಬ್ಬ ಚಾಲಕನನ್ನು ಇಟ್ಟುಕೊಂಡು ಕಲಿಸಲಿ. ಹೊರಡುವ ಮೊದಲು ಅವರ ಹೃದ್ರೋಗ ತಜ್ಞರನ್ನು ಕಂಡು, ಬಿಸಿಲು, ಅಲೆಯ ಕುಲುಕಾಟ, ನೀರಿಗೆ ಬಿದ್ದ ಮಗುವನ್ನು ಎತ್ತಿಕೊಳ್ಳುವ ಸಂದರ್ಭ, ಎಲ್ಲವನ್ನೂ ಬಿಡಿಸಿ ಹೇಳಿ ಒಪ್ಪಿಗೆ ಪಡೆಯಿರಿ. ‘ಸ್ವಲ್ಪ ಓಡಾಡಬಹುದೇ’ ಎಂದಷ್ಟೇ ಕೇಳಿದರೆ ಅವರಿಗೆ ನಿಜವಾದ ಚಿತ್ರ ಸಿಗುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಮನಃಪೂರ್ವಕ ವಂದನೆಗಳು. ನಿನ್ನೆ ರಾತ್ರಿ ಊಟವಾದ ಮೇಲೆ ಇದನ್ನೆಲ್ಲ ಅಪ್ಪ ಅಮ್ಮ ಇಬ್ಬರಿಗೂ ಓದಿ ಹೇಳಿದೆ. ಮಗು ತಿರುಗಿ ನೋಡುವ ನೋಟದ ಸಾಲುಗಳನ್ನು ಅಪ್ಪ ಇನ್ನೊಮ್ಮೆ ಓದಿಸಿದರು. ಅಮ್ಮ ಬಹಳ ಹೊತ್ತು ಸುಮ್ಮನಿದ್ದು, ಮೋಟಾರು ದೋಣಿಯಲ್ಲಿ ಬೂಮ್ ಇರುವುದಿಲ್ಲ ತಾನೇ ಎಂದು ಕೇಳಿದರು. ಇರುವುದಿಲ್ಲ ಎಂದು ಅಪ್ಪ ಹೇಳಿದರು. ಸೋಮವಾರ ನಾವು ಮೂವರೂ ವೈದ್ಯರ ಬಳಿಗೆ ಹೋಗುತ್ತಿದ್ದೇವೆ. ಅವರಿಗೆ ಕೇಳಬೇಕಾದುದನ್ನೆಲ್ಲ ಅಮ್ಮನೇ ಬರೆದಿಟ್ಟುಕೊಂಡಿದ್ದಾರೆ.