ಬ್ರೇಕ್ ಹೋಸ್ ನಾಲ್ಕೂ ಚೇಂಜ್ ಮಾಡಿಸ್ಬೇಕಾ? ಮಾಡಿಸಿದವ್ರು ಸ್ವಲ್ಪ ಹೇಳಿ

ನಮ್ದು 2013ರ ಪೆಟ್ರೋಲ್ ಕಾರು, 94 ಸಾವಿರ ಕಿಮೀ ಓಡಿದೆ. ಸರ್ವಿಸ್‌ಗೆ ಬಿಟ್ಟಾಗ ಬ್ರೇಕ್ ಹೋಸ್ (ವೀಲ್‌ಗೆ ಬ್ರೇಕ್ ಆಯಿಲ್ ಒಯ್ಯೋ ರಬ್ಬರ್ ಪೈಪ್) ನಾಲ್ಕೂ ಕ್ರ್ಯಾಕ್ ಬಂದಿದೆ, ಚೇಂಜ್ ಮಾಡ್ಬೇಕು ಅಂದ್ರು. ನಾನು ಬಗ್ಗಿ ನೋಡಿದ್ರೆ ಮೇಲೆ ಸಣ್ಣ ಸಣ್ಣ ಗೆರೆ ಇದೆ ಅಷ್ಟೇ, ಆಯಿಲ್ ಲೀಕ್ ಇಲ್ಲ, ಪೆಡಲ್ಲೂ ಗಟ್ಟಿಯಾಗೇ ಇದೆ. ಬಿಲ್ ಏರ್ಸಕ್ಕೆ ಹೇಳ್ತಿದಾರೋ ನಿಜವಾಗ್ಲೂ ಬೇಕೋ ಗೊತ್ತಾಗ್ತಿಲ್ಲ. ಮುಂದಿನ ತಿಂಗ್ಳು ಮನೆಯವ್ರನ್ನೆಲ್ಲ ಕರ್ಕೊಂಡು ಧರ್ಮಸ್ಥಳಕ್ಕೆ ಹೋಗೋದಿದೆ, ಚಾರ್ಮಾಡಿ ಘಾಟಿ ಇಳೀಬೇಕು, ಅದಕ್ಕೇ ಕೇಳ್ತಿರೋದು.

—

ಸರ್, ಲೀಕ್ ಇಲ್ಲ ಅಂತ ಸಮಾಧಾನ ಮಾಡ್ಕೋಬೇಡಿ, ನಾನೂ ಹಂಗೇ ಅನ್ಕೊಂಡು ಎರಡು ತಿಂಗ್ಳು ಒದ್ದಾಡಿದೀನಿ. ಹತ್ತು ಕಿಮೀ ಓಡಿಸಿದ್ಮೇಲೆ ಗಾಡಿ ಎಡಕ್ಕೆ ಎಳೀತಿತ್ತು, ಮನೆ ಮುಂದೆ ನಿಲ್ಸಿದ್ರೆ ಮುಂದಿನ ಎಡಗಡೆ ವೀಲ್ ಹತ್ರ ಸುಟ್ಟ ವಾಸ್ನೆ, ರಿಮ್ ಮುಟ್ಟಕ್ಕೇ ಆಗ್ತಿರ್ಲಿಲ್ಲ. ಗ್ಯಾರೇಜ್‌ನೋರು ಕ್ಯಾಲಿಪರ್ (ವೀಲ್ ಹತ್ರ ಬ್ರೇಕ್ ಡಿಸ್ಕ್ ಹಿಡಿಯೋ ಭಾಗ) ಜಾಮ್ ಅಂತ ಸೀಲ್ ಕಿಟ್ ಹಾಕಿದ್ರು, ಪಿನ್ನಿಗೆ ಗ್ರೀಸ್ ಹಚ್ಚಿದ್ರು, ದುಡ್ಡು ಈಸ್ಕೊಂಡ್ರು, ಒಂದು ವಾರಕ್ಕೆ ಮತ್ತೆ ಅದೇ ಕಥೆ.

ಕೊನೆಗೆ ಲಾರಿ ರಿಪೇರಿ ಮಾಡೋ ಒಬ್ಬರು ಹಳಬ್ರು ಸಿಕ್ಕಿದ್ರು. ವೀಲ್ ಜಾಕ್ ಮೇಲೆ ಏರ್ಸಿ, ನನ್ ಕೈಲಿ ಬ್ರೇಕ್ ಒತ್ಸಿ ಬಿಡಿಸಿ, ತಿರುಗ್ಸಿ ನೋಡಿದ್ರು, ಅಲ್ಲಾಡ್ಲಿಲ್ಲ. ಕ್ಯಾಲಿಪರಲ್ಲಿ ಗಾಳಿ, ಆಯಿಲ್ ಹೊರಗೆ ಬಿಡೋ ಬ್ಲೀಡಿಂಗ್ ನಿಪ್ಪಲ್ ಕಾಲು ಸುತ್ತು ಲೂಸ್ ಮಾಡಿದ್ರು ನೋಡಿ, ಆಯಿಲ್ ಚಿರ್ ಅಂತ ಹಾರಿ ವೀಲ್ ಫ್ರೀ ಆಗೋಯ್ತು. ಕ್ಯಾಲಿಪರ್ ಒಳಗಿನ ಪಿಸ್ಟನ್ನೇ ಜಾಮ್ ಆಗಿದ್ರೆ ನಿಪ್ಪಲ್ ಬಿಚ್ಚಿದ್ರೂ ಹಿಡ್ಕೊಂಡೇ ಇರ್ತಿತ್ತು ಅಂದ್ರು. ಮತ್ತೆ ಬ್ರೇಕ್ ಒತ್ಸಿ ಈ ಸಲ ಹೋಸ್ ಮೇಲ್ಗಡೆ ಸ್ಟೀಲ್ ಪೈಪ್ ಸೇರೋ ನಟ್ ಲೂಸ್ ಮಾಡಿದ್ರು, ವೀಲ್ ಬಿಡ್ಲಿಲ್ಲ. ಅಲ್ಲಿಗೆ ಮುಗೀತು, ಮಧ್ಯ ಇರೋದು ಹೋಸ್ ಒಂದೇ ತಾನೆ.

ಆ ಹಳೇ ಹೋಸ್ ಮನೆಗೆ ತಂದು ಬ್ಲೇಡಲ್ಲಿ ಉದ್ದಕ್ಕೆ ಸೀಳಿದೆ. ಮೇಲೆ ಒಂದು ಗೆರೆ ಇಲ್ಲ, ಹೊಸದ್ರ ಥರ. ಒಳಗೆ ನೋಡಿದ್ರೆ ರಬ್ಬರ್ ಊದ್ಕೊಂಡು ಒಂದು ಸಿಪ್ಪೆ ಎದ್ದು ಬಾಗಿಲ ಥರ ಅಡ್ಡ ನಿಂತಿದೆ, ದಬ್ಬಣ ತೂರೋ ಅಷ್ಟೂ ಜಾಗ ಇಲ್ಲ. ನಾವು ಕಾಲಲ್ಲಿ ಒತ್ತೋ ಜೋರಿಗೆ ಆಯಿಲ್ ನುಗ್ಗತ್ತೆ, ವಾಪಸ್ ಬರಕ್ಕೆ ಆ ಜೋರು ಇಲ್ವಲ್ಲ, ಅಲ್ಲೇ ಉಳ್ಕೊಳತ್ತೆ, ಬ್ರೇಕ್ ಹಿಡ್ದೇ ಇರತ್ತೆ. ಇದು ಘಾಟಿಯಲ್ಲಿ ಆದ್ರೆ ಕಷ್ಟ, ಹಿಡ್ದಿರೋ ಬ್ರೇಕ್ ಕಾದು ಆಯಿಲ್ಲೂ ಕಾಯತ್ತೆ. ಡಾಟ್ 3 ಅನ್ನೋ ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ರೆ ಕಮ್ಮಿ ಅಂದ್ರೂ 205 ಡಿಗ್ರಿವರೆಗೆ ತಡ್ಕೊಳತ್ತೆ, ಗಾಳಿಯಲ್ಲಿರೋ ನೀರು ಎಳ್ಕೊಂಡು ಹಳೇದಾಗಿದ್ರೆ 140ರ ಹತ್ರಕ್ಕೇ ಕುದಿಯಕ್ಕೆ ಶುರು, ಆವಾಗ ಪೆಡಲ್ ಸೀದಾ ಕೆಳಗೆ ಕೂರತ್ತೆ.

ನಿಮ್ಮ ಗೆರೆ ವಿಷ್ಯಕ್ಕೆ ಬಂದ್ರೆ, ಸ್ಟೇರಿಂಗ್ ಪೂರ್ತಿ ಒಂದ್ಕಡೆ ತಿರುಗ್ಸಿ, ಟಾರ್ಚ್ ಹಿಡಿದು ಹೋಸ್ ಬೆರಳಲ್ಲಿ ಬಗ್ಗಿಸಿ ನೋಡಿ. ಗೆರೆ ಬಾಯಿ ಬಿಟ್ಟು ಒಳಗಿನ ನೂಲು ಕಂಡ್ರೆ ಆಮೇಲೆ ಗಾಡಿ ತೆಗೀಲೇಬೇಡಿ. ಇಂಜಿನ್ ಆನ್ ಮಾಡಿ ಯಾರಾದ್ರೂ ಪೆಡಲ್ ಒತ್ತಿದಾಗ ಹೋಸ್ ಎಲ್ಲಾದ್ರೂ ಉಬ್ಬಿದ್ರೂ ಅಷ್ಟೇ. ಬದಲಾಯ್ಸಿದ್ರೆ ಎಡ ಬಲ ಜೊತೆಗೇ ಬದಲಾಯ್ಸಿ. ನನ್ ಕೇಳಿದ್ರೆ ಇಷ್ಟು ವರ್ಷ ಆದ್ಮೇಲೆ ಗ್ಯಾರೇಜ್‌ನೋರು ಹೇಳಿದ್ದು ತಪ್ಪಲ್ಲ.

—

ನಮ್ಮದು ಮಂಗಳೂರು ಕಡೆ ಗ್ಯಾರೇಜು. ಮೇಲಿನವರು ಹೇಳಿದ ಪರೀಕ್ಷೆ ಸರಿ ಉಂಟು. ಹೋಸ್ ಬದಲಿಸುವುದು ದೊಡ್ಡ ಕೆಲಸ ಅಲ್ಲ ಮಾರಾಯ್ರೆ, ಆ ಪೈಪ್ ನಟ್ ಉಂಟಲ್ಲ, ಅದೇ ತಲೆನೋವು. ನಮ್ಮ ಉಪ್ಪು ಗಾಳಿಗೆ ತುಕ್ಕು ಹಿಡಿದು ಕೂತಿರ್ತದೆ, ಸಾದಾ ಸ್ಪ್ಯಾನರ್ ಹಾಕಿದ್ರೆ ನಟ್ಟಿನ ಮೂಲೆ ಉರುಟಾಗಿ ಕಡೆಗೆ ಸ್ಟೀಲ್ ಪೈಪೇ ತಿರುಚಿ ತುಂಡಾಗ್ತದೆ, 500 ರೂಪಾಯಿಯ ಕೆಲಸ ಎಲ್ಲಿಗೋ ಹೋಗ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಫ್ಲೇರ್ ನಟ್ ಸ್ಪ್ಯಾನರ್ ಅಂತ ಬಾಯಿ ಸೀಳಿದ ರಿಂಗ್ ಸ್ಪ್ಯಾನರ್ ಸಿಗ್ತದೆ, ಅದರಲ್ಲೇ ಬಿಚ್ಚಿ.

ಕ್ಯಾಲಿಪರ್ ಬಿಚ್ಚಿದ್ರೆ ಹೋಸಿನಲ್ಲಿ ನೇತಾಡ್ಲಿಕ್ಕೆ ಬಿಡಬೇಡಿ, ತಂತಿಯಲ್ಲಿ ಕಟ್ಟಿ. ಹೋಸನ್ನು ಕ್ಯಾಲಿಪರಿಗೆ ಸೇರಿಸುವ ಬೋಲ್ಟಿನ ಎರಡು ತಾಮ್ರದ ವಾಷರ್ ಹೊಸತೇ ಹಾಕ್ಬೇಕು, ಹಳೆಯದನ್ನು ಒರೆಸಿ ಹಾಕಿ ಮರುದಿನ ಒಸರ್ತಾ ಉಂಟು ಅಂತ ಬಂದವರು ಸುಮಾರು ಜನ ಇದ್ದಾರೆ. ತುಂಬ ಹೋಸಿನ ಮೇಲೆ ಉದ್ದಕ್ಕೆ ಒಂದು ಗೆರೆಯೋ ಅಕ್ಷರದ ಸಾಲೋ ಇರ್ತದೆ, ಬಿಗಿ ಮಾಡಿದ ಮೇಲೆ ಅದು ಬಳ್ಳಿಯ ಹಾಗೆ ಸುತ್ತಿಕೊಂಡಿದ್ರೆ ಹೋಸ್ ತಿರುಚಿದೆ ಅಂತ ಅರ್ಥ, ಬಿಚ್ಚಿ ಪುನಃ ಹಾಕಿ. ಆಮೇಲೆ ಪೈಪಿನೊಳಗಿನ ಏರ್ ತೆಗೆಯುವಾಗ ಮೇಲಿನ ಆಯಿಲ್ ಡಬ್ಬಿ ಖಾಲಿ ಆಗ್ಲಿಕ್ಕೇ ಬಿಡಬೇಡಿ, ಎಬಿಎಸ್ (ಬ್ರೇಕ್ ಒತ್ತಿದಾಗ ವೀಲ್ ಲಾಕ್ ಆಗದ ಹಾಗೆ ನೋಡುವ ವ್ಯವಸ್ಥೆ) ಯೂನಿಟ್ ಒಳಗೆ ಗಾಳಿ ಹೋದ್ರೆ ಕೆಲವು ಗಾಡಿಯಲ್ಲಿ ಸ್ಕ್ಯಾನರ್ ಹಾಕದೆ ಹೊರಗೆ ಬರುವುದಿಲ್ಲ. ಆಯಿಲ್ ಪೇಂಟಿಗೆ ಬಿದ್ರೆ ಕೂಡಲೇ ನೀರು ಹಾಕಿ ತೊಳೀರಿ, ಇಲ್ಲದಿದ್ರೆ ಬಣ್ಣ ಎದ್ದು ಬರ್ತದೆ.

—

ನಮ್ಮ ಗಾಡ್ಯಾಗ ಬ್ಯಾರೇನ ಆಗಿತ್ರಿ. ಚಂದ ಕಾಣ್ತೈತಿ ಅಂತ ಅಗಲ ಟೈರ್ ಹಾಕ್ಸಿದ್ದೆ, ಸ್ಟೇರಿಂಗ್ ಪೂರಾ ತಿರುವಿದಾಗ ಟೈರ್ ಹೋಸಿಗೆ ತಿಕ್ಕಿ ತಿಕ್ಕಿ ನೂಲು ಕಾಣ್ಲಿಕತ್ತಿತ್ತು. ಹೊಸಾದ ಹಾಕಿದ ಮ್ಯಾಲೆ ಎರಡೂ ಕಡೆ ತಿರುವಿ ನೋಡ್ರಿ, ಎಲ್ಲೂ ತಾಕಬಾರ್ದು.

—

ಬೆಂಗಳೂರಿನ ಜೆ.ಸಿ. ರೋಡಲ್ಲಿ ಹೋಸ್ ತಗೊಳ್ಳೋರು ಚಾಸಿಸ್ ನಂಬರ್ ಫೋನಲ್ಲಿ ಇಟ್ಕೊಂಡ್ ಹೋಗಿ. ನಂಗೆ ಎರಡೂ ಎಡಗಡೇದೇ ಕೊಟ್ಟು ಕಳ್ಸಿದ್ರು.

—

ಎಲ್ರಿಗೂ ಥ್ಯಾಂಕ್ಸ್, ನಿನ್ನೆ ಭಾನುವಾರ ಕೂತು ನೋಡ್ದೆ. ವೀಲ್ ನಾಲ್ಕೂ ಫ್ರೀ ಇದೆ, ಆದ್ರೆ ಮುಂದಿನ ಬಲಗಡೆ ಹೋಸ್ ಬಗ್ಗಿಸಿದ್ರೆ ಕ್ಲಿಪ್ ಪಕ್ಕದಲ್ಲಿ ಬಿಳೀ ನೂಲು ಕಾಣ್ತು, ಹೊಟ್ಟೆ ಒಂಥರಾ ಆಯ್ತು. ನಾಲ್ಕೂ ಆರ್ಡರ್ ಮಾಡಿದೀನಿ, ವಾಷರ್ ಸಮೇತ. ಗಾಡಿ ಅಲ್ಲಿವರೆಗೂ ಶೆಡ್ಡಲ್ಲೇ. ಹಿಂದಿನ ಎಡಗಡೆ ನಟ್ಟಿಗೆ ಎರಡು ಸಲ ಸ್ಪ್ರೇ ಹೊಡ್ದಿದೀನಿ, ಇನ್ನೂ ಅಲ್ಲಾಡಿಲ್ಲ. ಬುಧವಾರದೊಳಗೆ ಬಿಡ್ಲಿಲ್ಲ ಅಂದ್ರೆ ಜಿದ್ದಿಗೆ ಬೀಳಲ್ಲ, ಮೆಕ್ಯಾನಿಕ್‌ನ ಮನೆಗೇ ಕರೆಸ್ತೀನಿ.