ಸಹಾಯ ಬೇಕು: ಲೈವ್ ಜಾಝ್ ಎಲ್ಲಿ, ಯಾವಾಗ ಅಂತ ಮೊದಲೇ ತಿಳಿಯೋದು ಹೇಗೆ?

ಗೆಳೆಯರೇ, ನಮ್ಮ ಭಾಗದ ಜಾಝ್ ಕಾರ್ಯಕ್ರಮಗಳ ಸುದ್ದಿ ನನಗೆ ಯಾವಾಗಲೂ ಎಲ್ಲ ಮುಗಿದ ಮೇಲೇ ಗೊತ್ತಾಗುತ್ತದೆ. ಹೋದ ವಾರವೂ ಅಷ್ಟೇ. ಪಿಯಾನೋ, ಡಬಲ್ ಬಾಸ್, ಡ್ರಮ್ಸ್, ಮೂರೇ ಜನರ ತಂಡ ಬಂದು ಹೋಗಿದೆ. ಗೋಡೆಯ ಮೇಲೆ ಅರ್ಧ ಹರಿದ ಪೋಸ್ಟರ್ ನೋಡಿ ಹೊಟ್ಟೆ ಉರಿಯಿತು. ಡ್ರಮ್ಮಿನ ಮೇಲೆ ತಂತಿ ಬ್ರಷ್ ಸವರುವ ಆ ಸರಸರ ಸದ್ದು ರೆಕಾರ್ಡಿಂಗ್‌ನಲ್ಲಿ ಅರ್ಧವೂ ಸಿಗುವುದಿಲ್ಲ, ಅಲ್ವಾ? ಸೋಲೋ, ಅಂದರೆ ಒಬ್ಬರೇ ಮನಸ್ಸಿಗೆ ಬಂದಂತೆ ನುಡಿಸುವ ಭಾಗ, ಅದಂತೂ ಅಲ್ಲೇ, ಆಗಲೇ ಹುಟ್ಟುವುದು.

ಏಪ್ರಿಲ್ 30 ಅಂತರರಾಷ್ಟ್ರೀಯ ಜಾಝ್ ದಿನ, 2011ರಲ್ಲಿ ಯುನೆಸ್ಕೊ ಘೋಷಿಸಿದ್ದು. ಆ ಆಸುಪಾಸಿನಲ್ಲಿ ಏನಾದರೂ ಇದೆಯಾ? ದಿನ, ಜಾಗ, ಟಿಕೆಟ್ ಮೊದಲೇ ತೆಗೆಯಬೇಕಾ, ಇಷ್ಟು ತಿಳಿಸಿದರೆ ಸಾಕು. ದೊಡ್ಡ ಉತ್ಸವಕ್ಕಿಂತ ಚಿಕ್ಕ ಜಾಗವೇ ನನಗೆ ಜಾಸ್ತಿ ಇಷ್ಟ. ಜೊತೆಗೆ ಬರುವವರಿದ್ದರೂ ಹೇಳಿ, ಒಬ್ಬನೇ ಹೋಗಲು ಬೇಜಾರು.